ರಿಜಿಸ್ಟರ್ಡ್ ಕಂಪನಿ ಅಂತಾರೆ, ನೋಡುವುದು ಎಲ್ಲಿ?

ಮನೆಯಲ್ಲೇ ಕೂತು ಮಾಡುವ ಕೆಲಸಕ್ಕೆ ‘ಭದ್ರತಾ ಠೇವಣಿ’ ಕೇಳುವವರು, ಚಾವಣಿಗೆ ಸೋಲಾರ್ ಹಾಕಿಸಲು ಅರ್ಧ ಹಣ ಮುಂಗಡ ಕೇಳುವವರು, ತಿಂಗಳಿಗೆ ಇಷ್ಟು ಪರ್ಸೆಂಟ್ ಖಂಡಿತ ಎಂದು ಹೂಡಿಕೆ ಕೇಳುವವರು. ಇವರೆಲ್ಲರ ಕೈಯಲ್ಲಿ ಈಗ ಒಂದು ಪಿಡಿಎಫ್ ಇರುತ್ತದೆ. ಮೇಲೆ ಸಿಂಹಲಾಂಛನ, ಕೆಳಗೆ ಡಿಜಿಟಲ್ ಸಹಿ, ನಡುವೆ ಒಂದು ಉದ್ದನೆಯ ನಂಬರ್. ‘ನಮ್ಮದು ಗೌರ್ಮೆಂಟ್ ರಿಜಿಸ್ಟರ್ಡ್ ಸಾರ್’ ಎಂಬ ಮಾತು ಜೊತೆಗೇ ಬರುತ್ತದೆ.

ಆ ಕಾಗದ ನಿಜವೋ ಸುಳ್ಳೋ ಎಂದು ನೋಡಲು ಆಡಿಟರ್ ಹತ್ತಿರ ಓಡಬೇಕಿಲ್ಲ. ಕಂಪನಿಗಳ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಏಕೆ ನೋಡುತ್ತಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಬಹುಪಾಲು ವಿವರ ಪುಕ್ಕಟೆಯಾಗಿ, ಮೊಬೈಲ್‌ನಲ್ಲೇ ಸಿಗುತ್ತದೆ. ತೊಡಕು ಇರುವುದು ಬೇರೆ ಕಡೆ. ನಮ್ಮಲ್ಲಿ ಎಲ್ಲ ವ್ಯವಹಾರಗಳೂ ಒಂದೇ ಕಡೆ ನೋಂದಣಿ ಆಗುವುದಿಲ್ಲ. ಯಾವುದನ್ನು ಎಲ್ಲಿ ಹುಡುಕಬೇಕು, ಸಿಕ್ಕಿದ್ದನ್ನು ಹೇಗೆ ಓದಬೇಕು ಎಂಬುದು ತಿಳಿಯದಿದ್ದರೆ ಅಸಲಿಯೂ ನಕಲಿಯಂತೆ, ನಕಲಿಯೂ ಅಸಲಿಯಂತೆ ಕಾಣುತ್ತದೆ.

ಎಲ್ಲವೂ ‘ಕಂಪನಿ’ ಅಲ್ಲ

ಮಾತಿನಲ್ಲಿ ನಾವು ಎಲ್ಲವನ್ನೂ ಕಂಪನಿ ಎನ್ನುತ್ತೇವೆ. ಕಾನೂನಿನ ಲೆಕ್ಕದಲ್ಲಿ ಕಂಪನಿ ಎಂದರೆ 2013ರ ಕಂಪನಿ ಕಾಯ್ದೆ ಅಥವಾ ಅದಕ್ಕೂ ಹಿಂದಿನ ಕಂಪನಿ ಕಾಯ್ದೆಗಳ ಅಡಿ ಹುಟ್ಟಿದ ಸಂಸ್ಥೆ ಮಾತ್ರ. ಪ್ರೈವೇಟ್ ಲಿಮಿಟೆಡ್, ಪಬ್ಲಿಕ್ ಲಿಮಿಟೆಡ್, ಒಬ್ಬರೇ ಸದಸ್ಯರಿರುವ ಒಪಿಸಿ, ಲಾಭದ ಉದ್ದೇಶವಿಲ್ಲದ ಸೆಕ್ಷನ್ 8 ಕಂಪನಿ ಇವೆಲ್ಲ ಆ ಗುಂಪಿನವು. ಇವುಗಳ ದಾಖಲೆ ಇಡುವವರು ಕೇಂದ್ರ ಸರ್ಕಾರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ, ಅಂದರೆ ಎಂಸಿಎ. ಅದರ ಕೆಳಗಿನ ಅಧಿಕಾರಿಯೇ ರಿಜಿಸ್ಟ್ರಾರ್ ಆಫ್ ಕಂಪನೀಸ್, ಎಲ್ಲರ ಬಾಯಲ್ಲಿ ಆರ್‌ಒಸಿ. ಕರ್ನಾಟಕದ ಆರ್‌ಒಸಿ ಕಚೇರಿ ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. 2008ರ ಕಾಯ್ದೆಯಿಂದ ಬಂದ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಕೂಡ ಇದೇ ಎಂಸಿಎ ದಾಖಲೆಯಲ್ಲಿದೆ.

ಉಳಿದವು ಬೇರೆ ಬೇರೆ ಕಡೆ. ಇಬ್ಬರು ಮೂವರು ಸೇರಿ ಮಾಡುವ ಪಾರ್ಟ್‌ನರ್‌ಶಿಪ್ ಫರ್ಮ್ ರಾಜ್ಯದ ಫರ್ಮ್‌ಗಳ ರಿಜಿಸ್ಟ್ರಾರ್ ಬಳಿ. ಸಹಕಾರ ಸಂಘ ಸಹಕಾರ ಇಲಾಖೆಯಲ್ಲಿ. ಊರಿನ ಯುವಕ ಸಂಘ, ಶಾಲೆ ನಡೆಸುವ ಸೊಸೈಟಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಇನ್ನು ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿ, ಮೆಸ್ಸು, ಟೈಲರ್ ಅಂಗಡಿ ಬಹುತೇಕ ಒಬ್ಬರೇ ಮಾಲೀಕರ ಪ್ರೊಪ್ರೈಟರ್‌ಶಿಪ್. ಇವಕ್ಕೆಂದೇ ಪ್ರತ್ಯೇಕ ನೋಂದಣಿ ಕಚೇರಿ ಎಂಬುದೇ ಇಲ್ಲ.

ಹಾಗಾಗಿ ಎಂಸಿಎ ಜಾಲತಾಣದಲ್ಲಿ ಹೆಸರು ಸಿಗಲಿಲ್ಲ ಎಂದ ಮಾತ್ರಕ್ಕೆ ಮೋಸ ಎಂದು ತೀರ್ಮಾನಿಸಬಾರದು. ನಂದಿನಿ ಹಾಲಿನ ಕೆಎಂಎಫ್ ಅಲ್ಲಿ ಸಿಗುವುದಿಲ್ಲ, ಅದು ಸಹಕಾರ ಮಹಾಮಂಡಳ. ಕೆಎಸ್‌ಆರ್‌ಟಿಸಿ ಸಿಗುವುದಿಲ್ಲ, ಅದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ನಿಗಮ. ಕೆನರಾ ಬ್ಯಾಂಕ್ ಕೂಡ ಕಂಪನಿಯಲ್ಲ, ರಾಷ್ಟ್ರೀಕರಣದ 1970ರ ಕಾಯ್ದೆಯಡಿ ಬಂದ ಸಂಸ್ಥೆ. ಆದರೆ ಮೈಸೂರು ಸ್ಯಾಂಡಲ್ ಸೋಪು ಮಾಡುವ ಕೆಎಸ್‌ಡಿಎಲ್ ಸಿಗುತ್ತದೆ. ಸರ್ಕಾರದ್ದೇ ಆದರೂ ಅದು ಕಂಪನಿ.

ಸಿಐಎನ್: 21 ಅಕ್ಷರಗಳ ಜಾತಕ

ಪ್ರತಿ ಕಂಪನಿಗೂ ಸಿಐಎನ್ ಎಂಬ 21 ಅಕ್ಷರ, ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಬಿಡಿಸಿ ಓದಲು ಬಂದರೆ ಜಾಲತಾಣ ತೆರೆಯುವ ಮೊದಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಇನ್ಫೋಸಿಸ್‌ನ ಸಿಐಎನ್ ಹೀಗಿದೆ: ಎಲ್ 85110 ಕೆಎ 1981 ಪಿಎಲ್‌ಸಿ 013115. ಮೊದಲ ‘ಎಲ್’ ಎಂದರೆ ಷೇರುಪೇಟೆಯಲ್ಲಿ ಲಿಸ್ಟ್ ಆಗಿದೆ ಎಂದು. ಲಿಸ್ಟ್ ಆಗದ ಕಂಪನಿಗೆ ಅಲ್ಲಿ ‘ಯು’ ಇರುತ್ತದೆ. ನಂತರದ ಐದು ಅಂಕಿ ಉದ್ಯಮದ ಸಂಕೇತ, ಆಮೇಲೆ ರಾಜ್ಯ, ಹುಟ್ಟಿದ ವರ್ಷ, ಯಾವ ಬಗೆಯ ಕಂಪನಿ, ಕೊನೆಗೆ ಆರ್‌ಒಸಿಯ ನೋಂದಣಿ ಸಂಖ್ಯೆ. ಬಗೆಯ ಜಾಗದಲ್ಲಿ ಪ್ರೈವೇಟ್ ಕಂಪನಿಗೆ ಪಿಟಿಸಿ, ಪಬ್ಲಿಕ್‌ಗೆ ಪಿಎಲ್‌ಸಿ, ಕೇಂದ್ರ ಸರ್ಕಾರದ ಎಚ್‌ಎಎಲ್‌ನಂಥದಕ್ಕೆ ಜಿಒಐ, ರಾಜ್ಯ ಸರ್ಕಾರದ್ದಕ್ಕೆ ಎಸ್‌ಜಿಸಿ, ಸೆಕ್ಷನ್ 8ರದ್ದಕ್ಕೆ ಎನ್‌ಪಿಎಲ್, ವಿದೇಶಿ ಕಂಪನಿಯ ಇಲ್ಲಿನ ಅಂಗಸಂಸ್ಥೆಗೆ ಎಫ್‌ಟಿಸಿ.

ಇಲ್ಲಿ ಎರಡು ಕಡೆ ಎಡವುವುದು ಸುಲಭ. ಒಂದು, ಉದ್ಯಮದ ಸಂಕೇತ. ಮಂಗಳೂರಿನ ಕರ್ಣಾಟಕ ಬ್ಯಾಂಕ್‌ನ ಸಿಐಎನ್ ಎಲ್ 85110 ಕೆಎ 1924 ಪಿಎಲ್‌ಸಿ 001128. ಸಾಫ್ಟ್‌ವೇರ್ ಕಂಪನಿಗೂ ಬ್ಯಾಂಕಿಗೂ ಅದೇ 85110! ಹಳೆಯ ಕಂಪನಿಗಳ ವಿಷಯದಲ್ಲಂತೂ ಆ ಐದು ಅಂಕಿ ನೋಡಿ ವ್ಯವಹಾರ ಊಹಿಸಲು ಹೋಗದಿರುವುದೇ ಲೇಸು.

ಎರಡು, ರಾಜ್ಯದ ಸಂಕೇತ. ಅದು ಹುಟ್ಟಿದ ಊರನ್ನು ಹೇಳುವುದಿಲ್ಲ, ನೋಂದಾಯಿತ ಕಚೇರಿ ಈಗ ಎಲ್ಲಿದೆ ಎಂದು ಹೇಳುತ್ತದೆ. ವಿಪ್ರೊ 1945ರಲ್ಲಿ ಮಹಾರಾಷ್ಟ್ರದ ಅಮಳನೇರ್‌ನಲ್ಲಿ ಅಡುಗೆ ಎಣ್ಣೆಯ ಕಂಪನಿಯಾಗಿ ಶುರುವಾದದ್ದು. ನೋಂದಾಯಿತ ಕಚೇರಿ ಇಲ್ಲಿಗೆ ಬಂದ ಮೇಲೆ ಸಿಐಎನ್‌ನಲ್ಲಿ ಕೆಎ ಬಂತು, ವರ್ಷ ಮಾತ್ರ 1945 ಎಂದೇ ಉಳಿಯಿತು. ಇನ್ಫೋಸಿಸ್ ಹುಟ್ಟಿದ್ದೂ ಪುಣೆಯಲ್ಲೇ. ಟೈಟಾನ್‌ನದು ಇದಕ್ಕೆ ವಿರುದ್ಧ. ಮುಖ್ಯ ಕಚೇರಿ ಬೆಂಗಳೂರಿನಲ್ಲಿದ್ದರೂ ನೋಂದಾಯಿತ ಕಚೇರಿ ಹೊಸೂರಿನಲ್ಲಿ. ಹಾಗಾಗಿ ಅದರ ಸಿಐಎನ್‌ನಲ್ಲಿ ಕೆಎ ಇಲ್ಲ, ಟಿಜೆಡ್ ಇದೆ. ತಮಿಳುನಾಡಿನಲ್ಲಿ ಚೆನ್ನೈ ಆರ್‌ಒಸಿಯ ಕಂಪನಿಗಳಿಗೆ ಟಿಎನ್, ಕೊಯಮತ್ತೂರು ಆರ್‌ಒಸಿಯವಕ್ಕೆ ಟಿಜೆಡ್. ಬೋರ್ಡು ಬೆಂಗಳೂರಿನಲ್ಲಿದೆ ಎಂದು ಕರ್ನಾಟಕದ ಪಟ್ಟಿಯನ್ನಷ್ಟೇ ಜಾಲಾಡಿದರೆ ಇಂಥವು ಕೈಗೆ ಸಿಗುವುದಿಲ್ಲ.

ಕಚೇರಿ ಬೇರೆ ರಾಜ್ಯಕ್ಕೆ ಹೋದಾಗ, ಪ್ರೈವೇಟ್ ಹೋಗಿ ಪಬ್ಲಿಕ್ ಆದಾಗ, ಷೇರುಪೇಟೆಗೆ ಬಂದಾಗ ಸಿಐಎನ್ ಬದಲಾಗುತ್ತದೆ. ಹಳೆಯ ಕರಾರಿನಲ್ಲಿ ಒಂದು ನಂಬರ್, ಹೊಸ ಬಿಲ್ಲಿನಲ್ಲಿ ಇನ್ನೊಂದು ಕಂಡರೆ ಗಾಬರಿ ಬೇಡ, ಎರಡನ್ನೂ ಹಾಕಿ ನೋಡಿ. ಎಲ್‌ಎಲ್‌ಪಿಗೆ ಸಿಐಎನ್ ಇರುವುದಿಲ್ಲ, ಎಲ್‌ಎಲ್‌ಪಿಐಎನ್ ಎಂಬ ಏಳು ಅಕ್ಷರ, ಅಂಕಿಗಳ ಚಿಕ್ಕ ನಂಬರ್ ಇರುತ್ತದೆ.

ಎಂಸಿಎ ಪುಟದಲ್ಲಿ ಏನೇನು ಓದಬೇಕು

ಎಂಸಿಎ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ‘ಮಾಸ್ಟರ್ ಡೇಟಾ’ ಎಂಬ ವಿಭಾಗವಿದೆ. ಲಾಗಿನ್ ಕೇಳಿದರೆ ಇ-ಮೇಲ್, ಮೊಬೈಲ್ ನಂಬರ್ ಕೊಟ್ಟು ಖಾತೆ ತೆರೆದುಕೊಳ್ಳಬಹುದು. ಅಲ್ಲಿ ಸಿಐಎನ್ ಅಥವಾ ಹೆಸರು ಹಾಕಿದರೆ ಒಂದು ಪುಟ ತೆರೆದುಕೊಳ್ಳುತ್ತದೆ. ಕಂಪನಿ ಇದೆಯೋ ಇಲ್ಲವೋ ಎಂದಷ್ಟೇ ನೋಡಿ ಪುಟ ಮುಚ್ಚುವವರೇ ಹೆಚ್ಚು. ನಿಜವಾದ ಮಾಹಿತಿ ಅದರ ಕೆಳಗಿನ ಸಾಲುಗಳಲ್ಲಿದೆ.

ಮೊದಲು ನೋಡಬೇಕಾದ್ದು ಸ್ಟೇಟಸ್. ‘ಆ್ಯಕ್ಟಿವ್’ ಎಂದಿದ್ದರೆ ದಾಖಲೆಯಲ್ಲಿ ಜೀವಂತ. ‘ಸ್ಟ್ರೈಕ್ ಆಫ್’ ಎಂದಿದ್ದರೆ ಸೆಕ್ಷನ್ 248ರ ಅಡಿ ಹೆಸರನ್ನೇ ತೆಗೆದುಹಾಕಲಾಗಿದೆ. ಆ ಹೆಸರಿನಲ್ಲಿ ವ್ಯವಹಾರ ಮಾಡುವಂತಿಲ್ಲ. ‘ಅಂಡರ್ ಪ್ರೊಸೆಸ್ ಆಫ್ ಸ್ಟ್ರೈಕಿಂಗ್ ಆಫ್’ ಎಂದರೆ ತೆಗೆಯುವ ಪ್ರಕ್ರಿಯೆ ನಡೆದಿದೆ. ‘ಡಾರ್ಮಂಟ್’ ಎಂದರೆ ಸಾಮಾನ್ಯವಾಗಿ ಕಂಪನಿಯೇ ಅರ್ಜಿ ಹಾಕಿ ನಿದ್ದೆಗೆ ಜಾರಿದ್ದು. ‘ಲಿಕ್ವಿಡೇಷನ್’ ಅಥವಾ ದಿವಾಳಿ ಪ್ರಕ್ರಿಯೆಯ ಹೆಸರು ಕಂಡರೆ ಮುಂಗಡ ಕೊಡುವ ಮಾತು ಅಲ್ಲಿಗೆ ನಿಲ್ಲಿಸಿ. 2017ರಲ್ಲಿ ಕೇಂದ್ರ ಸರ್ಕಾರ ಎರಡು ಲಕ್ಷಕ್ಕೂ ಹೆಚ್ಚು ನಿಷ್ಕ್ರಿಯ ಕಂಪನಿಗಳ ಹೆಸರನ್ನು ಹೀಗೆ ಪಟ್ಟಿಯಿಂದ ತೆಗೆದಿತ್ತು. ಹೆಸರು ಹೋದರೂ ಹಳೆಯ ನೋಂದಣಿ ಪ್ರಮಾಣಪತ್ರದ ಪಿಡಿಎಫ್ ಯಾರದೋ ಫೋನಿನಲ್ಲಿ ಇದ್ದೇ ಇರುತ್ತದೆ. ಪ್ರಮಾಣಪತ್ರ ಅಸಲಿಯಾಗಿದ್ದೂ ಕಂಪನಿ ಸತ್ತಿರಬಹುದು ಎಂಬುದು ಇದೇ ಕಾರಣಕ್ಕೆ.

ಎರಡನೆಯದು ಕೊನೆಯ ಬ್ಯಾಲೆನ್ಸ್ ಶೀಟ್‌ನ ದಿನಾಂಕ. ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಹೆಚ್ಚು ಮಾತಾಡುವ ಸಾಲು ಇದು. ಕಂಪನಿಗಳ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಸಾಮಾನ್ಯವಾಗಿ ಸೆಪ್ಟೆಂಬರ್ 30ರ ಒಳಗೆ ವಾರ್ಷಿಕ ಸಭೆ ಆಗಬೇಕು. ಸಭೆಯಾದ 30 ದಿನದಲ್ಲಿ ಎಒಸಿ-4 ಎಂಬ ಫಾರ್ಮಿನಲ್ಲಿ ಲೆಕ್ಕಪತ್ರ, 60 ದಿನದಲ್ಲಿ ಎಂಜಿಟಿ-7 ಎಂಬ ಫಾರ್ಮಿನಲ್ಲಿ ವಾರ್ಷಿಕ ರಿಟರ್ನ್ ಸಲ್ಲಿಕೆಯಾಗಬೇಕು. ಹೀಗಾಗಿ ಜನವರಿ ಹೊತ್ತಿಗೆ ನೋಡಿದರೆ ಹಿಂದಿನ ಮಾರ್ಚ್‌ನ ದಿನಾಂಕ ಕಾಣಬೇಕು. ಗಡುವು ಕೆಲವೊಮ್ಮೆ ವಿಸ್ತರಣೆ ಆಗುವುದುಂಟು, ಒಂದೆರಡು ತಿಂಗಳ ವಿಳಂಬ ದೊಡ್ಡದಲ್ಲ. ಆದರೆ ಎರಡು ಮೂರು ವರ್ಷದ ಹಿಂದಿನ ದಿನಾಂಕವೇ ಕೂತಿದ್ದರೆ ‘ಆ್ಯಕ್ಟಿವ್’ ಎಂಬ ಪದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಸತತ ಮೂರು ವರ್ಷ ಲೆಕ್ಕ ಸಲ್ಲಿಸದ ಕಂಪನಿಯ ನಿರ್ದೇಶಕರು ಸೆಕ್ಷನ್ 164ರ ಅಡಿ ಅನರ್ಹರಾಗುತ್ತಾರೆ.

ಮೂರನೆಯದು ಬಂಡವಾಳ. ಆಥರೈಸ್ಡ್ ಕ್ಯಾಪಿಟಲ್, ಪೇಡ್-ಅಪ್ ಕ್ಯಾಪಿಟಲ್ ಎಂದು ಎರಡು ಸಾಲು ಇರುತ್ತವೆ. ಆಥರೈಸ್ಡ್ ಎಂದರೆ ಇಷ್ಟರವರೆಗೆ ಷೇರು ಹೊರಡಿಸಬಹುದು ಎಂಬ ಮಿತಿ, ಅಷ್ಟೇ. ಷೇರುದಾರರು ನಿಜವಾಗಿ ಹಾಕಿರುವ ಬಂಡವಾಳ ಪೇಡ್-ಅಪ್‌ನಲ್ಲಿದೆ. ‘ಐದು ಕೋಟಿ ಬಂಡವಾಳದ ಕಂಪನಿ’ ಎಂದು ಕರಪತ್ರದಲ್ಲಿ ಹಾಕಿಕೊಂಡವರ ಪೇಡ್-ಅಪ್ ಒಂದು ಲಕ್ಷ ಇರಬಹುದು. ಹತ್ತು ಸಾವಿರವೂ ಇರಬಹುದು. ಪ್ರೈವೇಟ್ ಕಂಪನಿಗೆ ಕನಿಷ್ಠ ಒಂದು ಲಕ್ಷ ಬಂಡವಾಳ ಇರಲೇಬೇಕು ಎಂಬ ನಿಯಮವನ್ನು 2015ರಲ್ಲೇ ತೆಗೆದರು. ಪೇಡ್-ಅಪ್ ಕಡಿಮೆ ಇರುವುದು ತಪ್ಪಲ್ಲ. ಒಳ್ಳೆಯ ಸ್ಟಾರ್ಟಪ್‌ಗಳೂ ಹಾಗೇ ಶುರುವಾಗುತ್ತವೆ. ಹೇಳುವುದಕ್ಕೂ ದಾಖಲೆಗೂ ತಾಳೆ ಆಗುತ್ತದೆಯೇ ಎಂಬುದು ಪ್ರಶ್ನೆ.

ನಾಲ್ಕನೆಯದು ನಿರ್ದೇಶಕರು. ಪ್ರತಿಯೊಬ್ಬರಿಗೂ ಡಿನ್ ಎಂಬ ಎಂಟು ಅಂಕಿಯ ನಂಬರ್ ಇರುತ್ತದೆ, ಒಬ್ಬರಿಗೆ ಜೀವನಪೂರ್ತಿ ಒಂದೇ. ನಿಮ್ಮ ಜೊತೆ ಮಾತಾಡಿ ಹಣ ಕೇಳುತ್ತಿರುವವರು ‘ಡೈರೆಕ್ಟರ್’ ಎಂದು ವಿಸಿಟಿಂಗ್ ಕಾರ್ಡ್ ಕೊಟ್ಟಿದ್ದರೆ ಆ ಹೆಸರು ಪಟ್ಟಿಯಲ್ಲಿದೆಯೇ ನೋಡಿ. ಯಾವ ದಿನಾಂಕದಿಂದ ನಿರ್ದೇಶಕರು ಎಂಬುದೂ ಅಲ್ಲೇ ಇರುತ್ತದೆ. ಹತ್ತು ವರ್ಷದ ಹಳೆಯ ಕಂಪನಿ ಎಂದು ಹೆಮ್ಮೆಯಿಂದ ಹೇಳುವ ಕಡೆ ಎಲ್ಲ ನಿರ್ದೇಶಕರೂ ಕಳೆದ ಆರು ತಿಂಗಳಲ್ಲಿ ಬಂದವರಾಗಿದ್ದರೆ, ಹಳೆಯ ಕಂಪನಿಯ ಹೆಸರನ್ನು ಯಾರೋ ಹೊಸಬರು ಕೊಂಡಿದ್ದಾರೆ ಎಂದಾಗಿರಬಹುದು. ಅದು ಅಪರಾಧವಲ್ಲ, ಆದರೆ ಆ ಹತ್ತು ವರ್ಷದ ಹೆಸರು ಅವರು ಗಳಿಸಿದ್ದಲ್ಲ.

ಕಟ್ಟಡ, ಯಂತ್ರ ಒತ್ತೆ ಇಟ್ಟು ಸಾಲ ಪಡೆದಿದ್ದರೆ ‘ಚಾರ್ಜ್’ ಎಂಬ ಪಟ್ಟಿಯಲ್ಲಿ ಸಾಲ ಕೊಟ್ಟವರ ಹೆಸರು, ಮೊತ್ತ ಇರುತ್ತದೆ. ದೊಡ್ಡ ಮೊತ್ತದ ವ್ಯವಹಾರಕ್ಕೆ ಇಳಿಯುವವರು ಅದನ್ನೂ ನೋಡುವುದು ಒಳ್ಳೆಯದು.

ಇಷ್ಟಕ್ಕೆ ದುಡ್ಡು ಬೇಡ. ಲಾಭನಷ್ಟದ ಪಟ್ಟಿ, ಷೇರುದಾರರ ಹೆಸರು, ಕಂಪನಿಯ ಮೂಲ ನಿಯಮಾವಳಿ ಬೇಕೆಂದರೆ ‘ವ್ಯೂ ಪಬ್ಲಿಕ್ ಡಾಕ್ಯುಮೆಂಟ್ಸ್’ ಎಂಬಲ್ಲಿ ಒಂದು ಕಂಪನಿಗೆ 100 ರೂಪಾಯಿ ಕಟ್ಟಿ ನೋಡಬಹುದು. ನೋಡಲು ಸಿಗುವುದು ಕೆಲವೇ ಗಂಟೆ, ಬೇಕಾದ್ದನ್ನು ಆಗಲೇ ಇಳಿಸಿಕೊಳ್ಳಬೇಕು. ಇದೇ ಮಾಹಿತಿಯನ್ನು ತಮ್ಮ ಪುಟದಲ್ಲಿ ಹಾಕಿಕೊಂಡಿರುವ ಖಾಸಗಿ ತಾಣಗಳು ಬಹಳ ಇವೆ. ಹುಡುಕಿದರೆ ಮೊದಲು ಕಾಣುವುದೂ ಅವೇ. ಅಲ್ಲಿನ ವಿವರ ಎಂದೋ ತೆಗೆದುಕೊಂಡದ್ದಾಗಿರಬಹುದು. ಕುತೂಹಲಕ್ಕೆ ಸಾಕು, ಹಣ ಕೊಡುವ ತೀರ್ಮಾನಕ್ಕೆ ಸಾಲದು.

‘ಶ್ರೀ’ಗೆ ಎಷ್ಟು ಸ್ಪೆಲಿಂಗ್?

ಹುಡುಕುವವರನ್ನು ಹೆಚ್ಚು ಸತಾಯಿಸುವುದು ಹೆಸರಿನ ಇಂಗ್ಲಿಷ್ ಕಾಗುಣಿತ. ಕಂಪನಿಯ ಹೆಸರು ಕನ್ನಡದ್ದೇ ಆದರೂ ದಾಖಲೆಯಲ್ಲಿ ಇರುವುದು ಇಂಗ್ಲಿಷ್ ಅಕ್ಷರದಲ್ಲಿ. ‘ಶ್ರೀ ಲಕ್ಷ್ಮಿ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಶ್ರೀಯನ್ನು ಎಸ್-ಆರ್-ಐ ಎಂದೂ, ಎಸ್-ಎಚ್-ಆರ್-ಐ ಎಂದೂ, ಕೊನೆಗೆ ಎರಡು ‘ಇ’ ಹಾಕಿಯೂ ಬರೆಯುತ್ತಾರೆ. ಲಕ್ಷ್ಮಿಗೆ ಕೆಎಸ್‌ಎಚ್ ಒಂದು ಬಗೆ, ಎಕ್ಸ್ ಇನ್ನೊಂದು ಬಗೆ. ಸಂಖ್ಯಾಶಾಸ್ತ್ರದವರು ಹೇಳಿದರೆಂದು ನಡುವೆ ಒಂದು ‘ಎಚ್’, ಕೊನೆಗೆ ಒಂದು ‘ಎ’ ಸೇರಿಸಿಕೊಂಡವರು ಬೇರೆ.

ಅದಕ್ಕೆ ಇಡೀ ಹೆಸರು ಹಾಕುವ ಬದಲು ಅದರಲ್ಲಿ ಬೇರೆಲ್ಲೂ ಇರದಂಥ ಒಂದು ಪದವನ್ನು ಹಾಕಿ ಹುಡುಕುವುದು ವಾಸಿ. ‘ಎಂಟರ್‌ಪ್ರೈಸಸ್’, ‘ಸಲ್ಯೂಷನ್ಸ್’, ‘ಇಂಡಿಯಾ’ ಇಂಥವನ್ನು ಬಿಡಿ, ಸಾವಿರ ಹೆಸರು ಬರುತ್ತವೆ. ಎಲ್ಲಕ್ಕಿಂತ ಒಳ್ಳೆಯದು ಹೆಸರಿನ ಗೋಜಿಗೇ ಹೋಗದೆ ಸಿಐಎನ್ ಕೇಳಿ ಪಡೆಯುವುದು. ಕೊಡಲು ಅವರು ಹಿಂಜರಿಯುವ ಹಾಗೇ ಇಲ್ಲ. ಬಿಲ್ಲು, ಲೆಟರ್‌ಹೆಡ್, ಪತ್ರವ್ಯವಹಾರ ಎಲ್ಲದರ ಮೇಲೂ ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಸಿಐಎನ್ ಇರಲೇಬೇಕು ಎಂದು ಕಂಪನಿ ಕಾಯ್ದೆಯ ಸೆಕ್ಷನ್ 12 ಹೇಳುತ್ತದೆ. ಎರಡು ವರ್ಷದ ಒಳಗೆ ಹೆಸರು ಬದಲಿಸಿದ್ದರೆ ಹಳೆಯ ಹೆಸರನ್ನೂ ಜೊತೆಗೆ ತೋರಿಸಬೇಕು. ಕಚೇರಿಯ ಹೊರಗಿನ ಬೋರ್ಡು ಆ ಪ್ರದೇಶದಲ್ಲಿ ಬಳಕೆಯಲ್ಲಿರುವ ಭಾಷೆಯ ಲಿಪಿಯಲ್ಲೂ ಇರಬೇಕು ಎಂಬುದೂ ಅದೇ ಸೆಕ್ಷನ್‌ನಲ್ಲಿದೆ. ಕನ್ನಡ ಬೋರ್ಡಿನ ಚರ್ಚೆಯಲ್ಲಿ ರಾಜ್ಯದ ಕಾಯ್ದೆಯ ಮಾತು ಬರುತ್ತದೆ, ಕೇಂದ್ರದ ಈ ಕಾಯ್ದೆಯನ್ನು ಯಾಕೋ ಯಾರೂ ನೆನೆಯುವುದಿಲ್ಲ.

ಚಿಕ್ಕ ಅಂಗಡಿಗೆ ಜಿಎಸ್‌ಟಿ ನಂಬರ್

ಪ್ರೊಪ್ರೈಟರ್ ಆಗಲಿ ಫರ್ಮ್ ಆಗಲಿ, ಜಿಎಸ್‌ಟಿ ನೋಂದಣಿ ಇದ್ದರೆ ಹುಡುಕಲು ಅದೇ ದಾರಿ. ಜಿಎಸ್‌ಟಿ ತಾಣದ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಲಾಗಿನ್ ಇಲ್ಲದೆ ನೋಡಬಹುದು. ನಂಬರ್‌ನಲ್ಲಿ 15 ಅಕ್ಷರ, ಅಂಕಿಗಳು. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಆ ವ್ಯಾಪಾರಿಯ ಪ್ಯಾನ್ ನಂಬರ್.

ಈ ಪ್ಯಾನ್‌ನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೆಯ ಅಕ್ಷರ ಗಮನಿಸಿ. ಅಲ್ಲಿ ‘ಪಿ’ ಇದ್ದರೆ ಅದು ಒಬ್ಬ ವ್ಯಕ್ತಿಯ ಪ್ಯಾನ್. ‘ಸಿ’ ಇದ್ದರೆ ಕಂಪನಿ, ‘ಎಫ್’ ಇದ್ದರೆ ಫರ್ಮ್, ‘ಎಚ್’ ಇದ್ದರೆ ಹಿಂದೂ ಅವಿಭಕ್ತ ಕುಟುಂಬ, ‘ಟಿ’ ಇದ್ದರೆ ಟ್ರಸ್ಟ್. ಬೋರ್ಡಿನ ಮೇಲೆ ಪ್ರೈವೇಟ್ ಲಿಮಿಟೆಡ್, ಬಿಲ್ಲಿನ ಜಿಎಸ್‌ಟಿ ನಂಬರಿನಲ್ಲಿ ‘ಪಿ’ ಎಂದಿದ್ದರೆ ನಿಮ್ಮ ಹಣ ಹೋಗುತ್ತಿರುವುದು ಬೋರ್ಡಿನ ಕಂಪನಿಗಲ್ಲ, ಯಾರೋ ಒಬ್ಬ ವ್ಯಕ್ತಿಗೆ. ಜಾಲತಾಣ ತೆರೆಯದೆಯೇ, ಅಂಗಡಿಯಲ್ಲಿ ನಿಂತಲ್ಲೇ ಇದನ್ನು ನೋಡಬಹುದು.

ತಾಣದಲ್ಲಿ ನಂಬರ್ ಹಾಕಿದರೆ ‘ಲೀಗಲ್ ನೇಮ್’, ‘ಟ್ರೇಡ್ ನೇಮ್’ ಎಂದು ಎರಡು ಹೆಸರು ಬರುತ್ತವೆ. ಪ್ರೊಪ್ರೈಟರ್ ಆದರೆ ಲೀಗಲ್ ನೇಮ್‌ನಲ್ಲಿ ಮಾಲೀಕರ ಸ್ವಂತ ಹೆಸರು, ಟ್ರೇಡ್ ನೇಮ್‌ನಲ್ಲಿ ಅಂಗಡಿಯ ಹೆಸರು. ಎರಡೂ ಬೇರೆ ಇವೆಯಲ್ಲ ಎಂದು ಅನುಮಾನ ಪಡಬೇಕಿಲ್ಲ. ಸ್ಟೇಟಸ್ ‘ಕ್ಯಾನ್ಸಲ್ಡ್’ ಅಥವಾ ‘ಸಸ್ಪೆಂಡೆಡ್’ ಇದ್ದೂ ಬಿಲ್ಲಿನಲ್ಲಿ ತೆರಿಗೆ ಹಾಕುತ್ತಿದ್ದರೆ ಅನುಮಾನ ಪಡಬೇಕು. ‘ಕಂಪೊಸಿಷನ್’ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ಎಂದಿದ್ದರೆ ಅಂಥ ವ್ಯಾಪಾರಿ ಗ್ರಾಹಕರಿಂದ ಪ್ರತ್ಯೇಕವಾಗಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ರಿಟರ್ನ್ ಸಲ್ಲಿಸಿದ ತಿಂಗಳುಗಳ ಪಟ್ಟಿಯೂ ಅಲ್ಲೇ ಸಿಗುತ್ತದೆ.

ಇನ್ನೊಂದು ಮಾತು. ಜಿಎಸ್‌ಟಿ ನಂಬರ್ ಇಲ್ಲದವರೆಲ್ಲ ಕಳ್ಳರಲ್ಲ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಗದ್ದಲವೆದ್ದದ್ದು ಇದೇ ಮಿತಿಯ ಸುತ್ತ. ಅಂಥ ಚಿಕ್ಕವರ ಗುರುತು ಬೇಕೆಂದರೆ ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ತಿಂಡಿ ತಿನಿಸಿನವರಾದರೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ನೋಡಬಹುದು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಪತ್ರವನ್ನು ಲೈಸೆನ್ಸ್ ಎಂಬಂತೆ ತೋರಿಸುವವರಿದ್ದಾರೆ. 2020ರ ಜುಲೈಯಿಂದ ಬಂದ ಅದು ಆಧಾರ್ ಕೊಟ್ಟು, ಸ್ವಯಂ ಘೋಷಣೆಯ ಮೇಲೆ, ಪುಕ್ಕಟೆಯಾಗಿ ಸಿಗುವ ಪತ್ರ. ಅಲ್ಲಿ ಕರ್ನಾಟಕದ ಸಂಕೇತ ಕೆಆರ್. ಸಿಐಎನ್‌ನಲ್ಲಿ ಕೆಎ, ಜಿಎಸ್‌ಟಿಯಲ್ಲಿ 29, ಇಲ್ಲಿ ಕೆಆರ್. ಒಂದೇ ರಾಜ್ಯಕ್ಕೆ ಮೂರು ಗುರುತು ಯಾಕೆ ಎಂದು ಕೇಳಬೇಡಿ.

ಫರ್ಮ್, ಸಂಘ, ಸೌಹಾರ್ದ

ಪಾರ್ಟ್‌ನರ್‌ಶಿಪ್ ಫರ್ಮ್‌ಗೆ 1932ರ ಕಾಯ್ದೆ. ವಿಚಿತ್ರವೆಂದರೆ ಅದರಲ್ಲಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದ ಫರ್ಮ್ ಮಾತ್ರ ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಅದರ ಮೇಲೆ ನೀವು ದಾವೆ ಹೂಡಲು ಅಡ್ಡಿಯಿಲ್ಲ. ಕರ್ನಾಟಕದಲ್ಲಿ ಇದರ ಕೆಲಸ ಮುದ್ರಾಂಕ ಮತ್ತು ನೋಂದಣಿ ಇಲಾಖೆಯದು, ಆನ್‌ಲೈನ್ ಸೇವೆ ಕಾವೇರಿ ತಾಣದಲ್ಲಿ. ಎಂಸಿಎ ತಾಣದಲ್ಲಿ ಆಗುವ ಹಾಗೆ ಹೆಸರು ಹಾಕಿದ ಕೂಡಲೇ ಎಲ್ಲ ಸಿಕ್ಕಿಬಿಡುತ್ತದೆ ಎಂದುಕೊಳ್ಳಬೇಡಿ. ಶುಲ್ಕ ಕಟ್ಟಿ ರಿಜಿಸ್ಟರ್ ನೋಡುವ, ನಕಲು ಪಡೆಯುವ ಹಕ್ಕನ್ನು ಕಾಯ್ದೆ ಕೊಟ್ಟಿದೆ. ಪಾಲುದಾರರು ಯಾರು ಎಂದು ಖಚಿತವಾಗಬೇಕಾದರೆ ಆ ನಕಲೇ ಬೇಕು.

ಸಹಕಾರಿಗಳಲ್ಲೂ ಕವಲುಗಳಿವೆ. 1959ರ ಸಹಕಾರ ಸಂಘಗಳ ಕಾಯ್ದೆಯವು ಒಂದು, 1997ರ ಸೌಹಾರ್ದ ಕಾಯ್ದೆಯವು ಇನ್ನೊಂದು. ಬೇರೆ ರಾಜ್ಯಗಳಲ್ಲೂ ಸದಸ್ಯರಿರುವ ಬಹುರಾಜ್ಯ ಸಂಘಗಳದ್ದು ಕೇಂದ್ರದ ರಿಜಿಸ್ಟ್ರಾರ್ ಬಳಿ. ಠೇವಣಿ ಇಡುವ ಮುನ್ನ ‘ನೀವು ಯಾವ ಕಾಯ್ದೆಯವರು’ ಎಂದು ಕೇಳಿ. ದೂರು ಕೊಡಬೇಕಾಗಿ ಬಂದ ದಿನ ಯಾವ ಕಚೇರಿಗೆ ಹೋಗಬೇಕು ಎಂಬುದು ಆ ಉತ್ತರದ ಮೇಲೆ ನಿಂತಿದೆ.

ನೋಂದಣಿ ಬೇರೆ, ಪರವಾನಗಿ ಬೇರೆ

ನೋಂದಣಿ ಪತ್ರ ಎಂದರೆ ಸಂಸ್ಥೆಯ ಜನನ ಪ್ರಮಾಣಪತ್ರ. ಅದನ್ನು ನಡತೆ ಪ್ರಮಾಣಪತ್ರ ಎಂದು ತೋರಿಸುವವರಿಂದಲೇ ತೊಂದರೆ. ಇಂಥ ಹೆಸರಿನ ಸಂಸ್ಥೆ ಇಂಥ ದಿನ ಹುಟ್ಟಿತು ಎಂಬುದಕ್ಕಿಂತ ಹೆಚ್ಚನ್ನು ಆರ್‌ಒಸಿ ಹೇಳುತ್ತಿಲ್ಲ. ಸಾರ್ವಜನಿಕರಿಂದ ಠೇವಣಿ ತೆಗೆದುಕೊಳ್ಳಬಹುದು ಎಂದಾಗಲಿ, ಕೊಟ್ಟ ಮಾತು ಉಳಿಸಿಕೊಳ್ಳುತ್ತಾರೆ ಎಂದಾಗಲಿ ಅದರಲ್ಲಿ ಎಲ್ಲೂ ಇಲ್ಲ.

2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ (ಐ ಮಾನಿಟರಿ ಅಡ್ವೈಸರಿ) ಎಂಬ ಹೂಡಿಕೆ ಸಂಸ್ಥೆ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. ಅದು ಎಲ್ಲೂ ನೋಂದಣಿಯಾಗದ ಸಂಸ್ಥೆಯಾಗಿರಲಿಲ್ಲ. ದಾಖಲೆಯಲ್ಲಿ ಅದರ ಹೆಸರು ಇತ್ತು. ಎಲ್‌ಎಲ್‌ಪಿ ಮಾಡಿ, ಹಣ ಹಾಕಿದವರನ್ನು ಪಾಲುದಾರರೆಂದು ತೋರಿಸಲಾಗಿತ್ತು. ಠೇವಣಿದಾರ ಎಂದರೆ ರಿಸರ್ವ್ ಬ್ಯಾಂಕ್ ನಿಯಮ ಬರುತ್ತದೆ, ಪಾಲುದಾರ ಎಂದರೆ ಲಾಭದ ಜೊತೆ ನಷ್ಟವೂ ತನ್ನದೇ ಎಂದಾಗುತ್ತದೆ. ಆ ಹೊತ್ತಿಗೆ ಯಾರಾದರೂ ಎಂಸಿಎ ತಾಣದಲ್ಲಿ ಹುಡುಕಿದ್ದರೆ ಹೆಸರು ಸಿಗುತ್ತಿತ್ತು. ‘ಸಿಕ್ಕಿತು, ಸರಿಯಾಗಿದೆ’ ಎಂದು ಸಮಾಧಾನವೂ ಆಗಿಬಿಡುತ್ತಿತ್ತು.

ಹಾಗಾಗಿ ಎಂಸಿಎ ನೋಡಿದ ಮೇಲೆ ಇನ್ನೊಂದು ಹೆಜ್ಜೆ ಇದೆ. ಅವರು ಮಾಡುತ್ತಿರುವ ಕೆಲಸಕ್ಕೆ ಯಾರ ಅನುಮತಿ ಬೇಕೋ ಅವರ ಪಟ್ಟಿ ನೋಡಬೇಕು. ಸಾಲ ಕೊಡುವ, ಠೇವಣಿ ತೆಗೆದುಕೊಳ್ಳುವ ಸಂಸ್ಥೆಯಾದರೆ ರಿಸರ್ವ್ ಬ್ಯಾಂಕಿನ ಎನ್‌ಬಿಎಫ್‌ಸಿ, ಅಂದರೆ ಬ್ಯಾಂಕೇತರ ಹಣಕಾಸು ಕಂಪನಿಗಳ ಪಟ್ಟಿ. ಷೇರು ಸಲಹೆ ಕೊಡುವವರಾದರೆ ಷೇರುಪೇಟೆಯ ನಿಯಂತ್ರಕ ಸೆಬಿಯ ನೋಂದಾಯಿತರ ಪಟ್ಟಿ. ಹೂಡಿಕೆ ಸಲಹೆಗಾರರ ನಂಬರ್ ಐಎನ್‌ಎ ಎಂದು, ಸಂಶೋಧನಾ ವಿಶ್ಲೇಷಕರದ್ದು ಐಎನ್‌ಎಚ್ ಎಂದು ಶುರುವಾಗುತ್ತದೆ. ಸೈಟು, ಫ್ಲ್ಯಾಟು ಮಾರುವವರಾದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ಕರ್ನಾಟಕ ರೇರಾದ ತಾಣ. ಅಲ್ಲಿ ಕಂಪನಿಯ ಹೆಸರು ಹುಡುಕಿದರೆ ಸಾಲದು, ನೀವು ಕೊಳ್ಳುವ ಆ ಪ್ರಾಜೆಕ್ಟಿಗೇ ನೋಂದಣಿ ಇರಬೇಕು. ಚೀಟಿ ನಡೆಸುವವರಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ಪ್ರತಿ ಚೀಟಿ ಗುಂಪಿಗೂ ರಿಜಿಸ್ಟ್ರಾರ್ ಅನುಮತಿ ಬೇಕು. ಸದಸ್ಯರ ನಡುವೆಯೇ ಉಳಿತಾಯ, ಸಾಲ ನಡೆಸುವ ‘ನಿಧಿ’ ಕಂಪನಿ ತನ್ನ ಸದಸ್ಯರಿಂದ ಮಾತ್ರ ಠೇವಣಿ ಪಡೆಯಬಹುದು.

ಹೊಸ ಹೆಸರು ಇಡುವವರು

ಇದೇ ದಾಖಲೆ ಕಂಪನಿ ಶುರು ಮಾಡುವವರಿಗೂ ಬೇಕು. ಈಗಾಗಲೇ ಇರುವ ಕಂಪನಿಯ ಹೆಸರಿಗೆ ತೀರ ಹತ್ತಿರದ ಹೆಸರನ್ನು ಆರ್‌ಒಸಿ ಒಪ್ಪುವುದಿಲ್ಲ. ಬಹುವಚನ ಮಾಡುವುದು, ಪದಗಳ ನಡುವೆ ಜಾಗ ಬಿಡುವುದು, ಸ್ಪೆಲಿಂಗ್ ತಿರುಚುವುದು ಇವನ್ನೆಲ್ಲ ಬೇರೆ ಹೆಸರೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ‘ಬ್ಯಾಂಕ್’, ‘ಇನ್ಶೂರೆನ್ಸ್’ ಇಂಥ ಪದಗಳಿಗೆ ಆಯಾ ನಿಯಂತ್ರಕರ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕ ಹೆಸರು 20 ದಿನ ನಿಮಗೆ ಮೀಸಲು, ಅಷ್ಟರಲ್ಲಿ ಮುಂದಿನ ಅರ್ಜಿ ಹೋಗಬೇಕು.

ಆದರೆ ಆರ್‌ಒಸಿ ಹೆಸರು ಕೊಟ್ಟಿತು ಎಂದರೆ ಬ್ರ್ಯಾಂಡ್ ನಿಮ್ಮದಾಯಿತು ಎಂದಲ್ಲ. ಟ್ರೇಡ್‌ಮಾರ್ಕ್ ದಾಖಲೆ ಬೇರೆಯೇ ಇದೆ. ಅಲ್ಲಿ ಸರಕು, ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಉಚ್ಚಾರಣೆಯಿಂದ ಹುಡುಕುವ ಸೌಲಭ್ಯವೂ ಇದೆ, ನಮ್ಮ ಹೆಸರುಗಳಿಗೆ ಅದು ಬಹಳ ಉಪಯೋಗಿ. ನಿಮ್ಮ ಕಂಪನಿಯ ಹೆಸರು ತನ್ನ ಟ್ರೇಡ್‌ಮಾರ್ಕ್‌ಗೆ ಹೋಲುತ್ತದೆ ಎಂದು ಅದರ ಒಡೆಯರು ಮೂರು ವರ್ಷದೊಳಗೆ ಅರ್ಜಿ ಹಾಕಿದರೆ ಹೆಸರು ಬದಲಿಸುವಂತೆ ಆದೇಶ ಬರಬಹುದು. ಬೋರ್ಡು, ಪ್ಯಾಕೆಟ್ಟು ಎಲ್ಲ ಅಚ್ಚು ಹಾಕಿಸಿದ ಮೇಲೆ ಆ ಆದೇಶ ಬಂದರೆ ಖರ್ಚು ಸಣ್ಣದಲ್ಲ.

ಹೊರದೇಶದ ಕಂಪನಿ ಎಂದರೆ

ಅಮೆರಿಕದಲ್ಲಿ ಎಂಸಿಎಯಂಥ ಒಂದೇ ರಾಷ್ಟ್ರೀಯ ದಾಖಲೆ ಇಲ್ಲ. ಪ್ರತಿ ರಾಜ್ಯವೂ ತನ್ನ ದಾಖಲೆ ತಾನೇ ಇಡುತ್ತದೆ, ಬಹುತೇಕ ಕಡೆ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಕಚೇರಿ ಇರುವ ಕಂಪನಿ ಡೆಲವೇರ್‌ನಲ್ಲಿ ಹುಟ್ಟಿರುವುದು ಅಲ್ಲಿ ತೀರ ಸಾಮಾನ್ಯ, ಆದ್ದರಿಂದ ಎರಡೂ ರಾಜ್ಯಗಳ ತಾಣ ನೋಡಬೇಕು. ಬ್ರಿಟನ್‌ನಲ್ಲಿ ಕಂಪನೀಸ್ ಹೌಸ್ ಒಂದೇ. ಅಲ್ಲಿ ನಿರ್ದೇಶಕರ ಹೆಸರಿನಿಂದ ಹಿಡಿದು ವಾರ್ಷಿಕ ಲೆಕ್ಕದವರೆಗೆ ಎಲ್ಲವೂ ಪುಕ್ಕಟೆ. ‘ಲಂಡನ್ ಕಂಪನಿಯಲ್ಲಿ ಕೆಲಸ’ ಎಂದು ಇಲ್ಲಿ ಹಣ ಕೇಳುವವರ ಮಾತನ್ನು ಹಾಸನದಲ್ಲಿ ಕೂತೇ ಪರೀಕ್ಷಿಸಬಹುದು. ವಿದೇಶಿ ಕಂಪನಿ ಭಾರತದಲ್ಲಿ ಶಾಖೆ ತೆರೆದಿದ್ದರೆ ಅದೂ ಎಂಸಿಎ ದಾಖಲೆಯಲ್ಲಿರುತ್ತದೆ, ಸಿಐಎನ್ ಬದಲು ಎಫ್‌ಸಿಆರ್‌ಎನ್ ಎಂಬ ನಂಬರಿನೊಂದಿಗೆ.

ತಾಳೆಯಾಗದಿದ್ದರೆ

ವಿಳಾಸ ಒಂದು, ಬ್ಯಾಂಕ್ ಖಾತೆಯ ಹೆಸರು ಇನ್ನೊಂದು, ಜಿಎಸ್‌ಟಿ ನಂಬರ್ ಮತ್ತೊಬ್ಬರದು ಎಂದಾದರೆ ಮೊದಲು ಅವರನ್ನೇ ಬರಹದಲ್ಲಿ ವಿವರಣೆ ಕೇಳಿ. ಅಪ್ಪನ ಪ್ರೊಪ್ರೈಟರ್‌ಶಿಪ್ಪನ್ನು ಮಗ ಪ್ರೈವೇಟ್ ಲಿಮಿಟೆಡ್ ಮಾಡಿ, ಹಳೆಯ ಬಿಲ್ ಪುಸ್ತಕವನ್ನೇ ಮುಂದುವರಿಸಿರುವುದೂ ಉಂಟು. ನೋಡಿದ ಪುಟಗಳ ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ. ಸ್ಟೇಟಸ್ ನಾಳೆ ಬದಲಾಗಬಹುದು.

ಹಣ ಆಗಲೇ ಹೋಗಿದ್ದರೆ ಆನ್‌ಲೈನ್ ವಂಚನೆಗೆ 1930 ಸಹಾಯವಾಣಿಗೆ ತಡಮಾಡದೆ ಕರೆ ಮಾಡಬೇಕು. ಅಕ್ರಮ ಠೇವಣಿಯ ಬಗ್ಗೆ ರಿಸರ್ವ್ ಬ್ಯಾಂಕಿನ ‘ಸಚೇತ್’ ತಾಣದಲ್ಲಿ ದೂರು ಕೊಡಬಹುದು. ರಾಜ್ಯದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆ ಇದೆ, ಕೇಂದ್ರದ್ದು 2019ರದು. ಈ ಎರಡರಡಿಯೂ ಸಂಸ್ಥೆಯ ಆಸ್ತಿ ಜಪ್ತಿ ಮಾಡಿ ಹಣ ಹಂಚಲು ಅವಕಾಶವಿದೆ. ಪೊಲೀಸ್ ದೂರಿನಲ್ಲಿ ಸಂಸ್ಥೆಯ ಬೋರ್ಡಿನ ಹೆಸರನ್ನಷ್ಟೇ ಬರೆಯದೆ ಸಿಐಎನ್ ಅಥವಾ ಎಲ್‌ಎಲ್‌ಪಿಐಎನ್, ನಿರ್ದೇಶಕರ ಡಿನ್, ಜಿಎಸ್‌ಟಿ ನಂಬರ್, ಹಣ ಹೋದ ಖಾತೆಯ ವಿವರ ಇಷ್ಟನ್ನೂ ಸೇರಿಸಿ. ಒಂದೇ ಹೆಸರಿನ ಐದಾರು ಸಂಸ್ಥೆಗಳಿರುವ ಕಡೆ ತನಿಖೆ ಶುರುವಾಗುವುದು ಆ ನಂಬರುಗಳಿಂದಲೇ.